ತೀವ್ರ ಆಸ್ತಮಾ: ದುಬಾರಿ ಚುಚ್ಚುಮದ್ದು ಮತ್ತು ಊದುವ ಪರೀಕ್ಷೆಯ ಲೆಕ್ಕ

ನಲವತ್ತೆಂಟು ವರ್ಷದ ಶಿಕ್ಷಕಿಯೊಬ್ಬರು ಪತಿಯ ಜೊತೆ ಬಂದಿದ್ದರು. ಇಪ್ಪತ್ತು ವರ್ಷಗಳಿಂದ ಆಸ್ತಮಾ. ಹಿಂದಿನ ವರ್ಷ ನಾಲ್ಕು ಬಾರಿ ಉಬ್ಬಸ ಉಲ್ಬಣಿಸಿ ಎರಡು ಸಲ ಆಸ್ಪತ್ರೆಗೆ ಸೇರಿದ್ದರು. ಪ್ರತಿ ಸಲವೂ ಸ್ಟೀರಾಯ್ಡ್ ಮಾತ್ರೆ ನುಂಗಿ ಮುಖ ದುಂಡಗಾಗಿತ್ತು, ರಕ್ತದ ಸಕ್ಕರೆ ಏರಿತ್ತು. ಆರು ತಿಂಗಳಿಂದ, ನಾಲ್ಕು ವಾರಕ್ಕೊಂದರಂತೆ, ಅವರಿಗೆ ಹೊಸ ಬಗೆಯ ಚುಚ್ಚುಮದ್ದು ಕೊಡಲಾಗುತ್ತಿದೆ. ಈ ಆರು ತಿಂಗಳಲ್ಲಿ ಒಮ್ಮೆಯೂ ಆಸ್ಪತ್ರೆಯ ಮೆಟ್ಟಿಲು ಹತ್ತಿಲ್ಲ.

ಆದರೂ ಪತಿಯ ಮುಖದಲ್ಲಿ ಸಮಾಧಾನವಿರಲಿಲ್ಲ. ಎರಡು ರಿಪೋರ್ಟುಗಳನ್ನು ಮೇಜಿನ ಮೇಲಿಟ್ಟು ಕೇಳಿದರು: "ಡಾಕ್ಟ್ರೇ, ಆವತ್ತು ಊದಿಸಿದಾಗ ಒಂದೂಕಾಲು ಲೀಟರ್ ಇತ್ತು. ಈಗ ಒಂದು ಲೀಟರ್ ಮುನ್ನೂರೈವತ್ತು. ನೂರು ಮಿಲಿ ಹೆಚ್ಚಾಗೋದಕ್ಕೆ ಇಷ್ಟೊಂದು ದುಡ್ಡು ಸುರೀಬೇಕಾ? ಪಿ.ಎಫ್. ಸಾಲ ತೆಗೆದಿದ್ದೀನಿ. ನಿಲ್ಲಿಸಿಬಿಡೋಣವಾ?"

ಪಕ್ಕದಲ್ಲಿ ಕುಳಿತಿದ್ದ ಆಕೆ ಮೆಲ್ಲಗೆ ಹೇಳಿದರು: "ನಾನೀಗ ರಾತ್ರಿ ಮಲಗಿ ನಿದ್ದೆ ಮಾಡ್ತೀನಿ. ಅದನ್ನೂ ಲೆಕ್ಕಕ್ಕೆ ಹಿಡೀರಿ."

ಪತಿಯ ಪ್ರಶ್ನೆ ತಪ್ಪಲ್ಲ. ಪತ್ನಿಯ ಉತ್ತರವೂ ತಪ್ಪಲ್ಲ. ಈ ಎರಡರ ನಡುವೆ ಇರುವ ವಿಷಯವೇ ಈ ವಾರದ ಪಾಠ.

ಊದುವ ಪರೀಕ್ಷೆ ಏನನ್ನು ಹೇಳುತ್ತದೆ?

ಶ್ವಾಸಕೋಶದ ಸಾಮರ್ಥ್ಯವನ್ನು ಅಳೆಯುವ ಉಪಕರಣಕ್ಕೆ ಸ್ಪೈರೋಮೀಟರ್ ಎಂದು ಹೆಸರು. ಇಂಗ್ಲೆಂಡಿನ ವೈದ್ಯ ಜಾನ್ ಹಚಿನ್ಸನ್ 1846ರಲ್ಲಿ ಇದನ್ನು ವೈದ್ಯಲೋಕಕ್ಕೆ ಪರಿಚಯಿಸಿದರು. ಎದೆ ತುಂಬ ಉಸಿರೆಳೆದುಕೊಂಡು, ತುಟಿ ಬಿಗಿಹಿಡಿದು, ಒಂದೇ ರಭಸಕ್ಕೆ ಕೊಳವೆಯೊಳಗೆ ಊದಬೇಕು. ಶ್ವಾಸಕೋಶ ಖಾಲಿಯಾಗುವತನಕ ಊದುತ್ತಲೇ ಇರಬೇಕು.

ಇದರಲ್ಲಿ ಎರಡು ಸಂಖ್ಯೆಗಳು ಮುಖ್ಯ. ಒಂದು, ಒಟ್ಟು ಹೊರಬಂದ ಗಾಳಿ. ಇನ್ನೊಂದು, ಮೊದಲ ಒಂದು ಸೆಕೆಂಡಿನಲ್ಲಿ ಹೊರಬಂದ ಗಾಳಿ. ಈ ಎರಡನೆಯದನ್ನು ವೈದ್ಯರು ಎಫ್.ಇ.ವಿ.-1 ಎನ್ನುತ್ತಾರೆ. ಆರೋಗ್ಯವಂತ ವಯಸ್ಕರಲ್ಲಿ ಒಟ್ಟು ಗಾಳಿಯ ಮುಕ್ಕಾಲು ಪಾಲು ಅಥವಾ ಅದಕ್ಕಿಂತ ಹೆಚ್ಚು ಮೊದಲ ಸೆಕೆಂಡಿನಲ್ಲೇ ಹೊರಬರುತ್ತದೆ. ಶ್ವಾಸನಾಳಗಳು ಕಿರಿದಾಗಿದ್ದರೆ ಗಾಳಿ ನಿಧಾನವಾಗಿ ಬರುತ್ತದೆ. ಮೊದಲ ಸೆಕೆಂಡಿನ ಪಾಲು ಕುಸಿಯುತ್ತದೆ. ರೋಗಿಯ ವಯಸ್ಸು, ಎತ್ತರ ಹಾಗೂ ಲಿಂಗಕ್ಕೆ ತಕ್ಕಂತೆ ಎಷ್ಟಿರಬೇಕಿತ್ತು ಎಂದು ಲೆಕ್ಕ ಹಾಕಿ, ಅದರ ಶೇಕಡಾ ಎಷ್ಟಿದೆ ಎಂದು ರಿಪೋರ್ಟಿನಲ್ಲಿ ಬರೆಯುತ್ತಾರೆ.

ನಂತರ ಶ್ವಾಸನಾಳ ಹಿಗ್ಗಿಸುವ ಔಷಧಿಯನ್ನು ಸೇದಿಸಿ, ಸುಮಾರು ಹದಿನೈದು ನಿಮಿಷ ಬಿಟ್ಟು ಮತ್ತೆ ಊದಿಸುತ್ತಾರೆ. ಸಂಖ್ಯೆ ಶೇಕಡಾ 12ರಷ್ಟು, ಮತ್ತು ಕನಿಷ್ಠ 200 ಮಿಲಿಲೀಟರಿನಷ್ಟು ಏರಿದರೆ, ಅದು ಆಸ್ತಮಾ ಇರಬಹುದೆಂಬುದಕ್ಕೆ ಬಲವಾದ ಸಾಕ್ಷಿ.

ಒಂದು ವಿಷಯ ಗಮನಿಸಿ. ಈ ಪರೀಕ್ಷೆಯ ಫಲ ಊದುವವರ ಪ್ರಯತ್ನವನ್ನು ಅವಲಂಬಿಸಿದೆ. ಆದ್ದರಿಂದಲೇ ಕನಿಷ್ಠ ಮೂರು ಸಲ ಊದಿಸುತ್ತಾರೆ. ಅತ್ಯುತ್ತಮವಾದ ಎರಡು ಊದುಗಳ ನಡುವೆ 150 ಮಿಲಿಲೀಟರಿನವರೆಗೆ ವ್ಯತ್ಯಾಸವಿದ್ದರೂ ಪರೀಕ್ಷೆ ಸರಿಯೆಂದೇ ಒಪ್ಪುತ್ತಾರೆ. ಹೀಗಿರುವಾಗ ಆರು ತಿಂಗಳಲ್ಲಿ ನೂರು ಮಿಲಿ ಏರಿತೆಂದು ಹಿಗ್ಗುವುದಾಗಲಿ, ನೂರೇ ಮಿಲಿ ಏರಿತೆಂದು ಕುಗ್ಗುವುದಾಗಲಿ ಸರಿಯಲ್ಲ.

ನಾಳ ಕಿರಿದಾಗಲು ಕಾರಣಗಳು

ಆಸ್ತಮಾದಲ್ಲಿ ಶ್ವಾಸನಾಳ ಕಿರಿದಾಗುವುದು ಒಂದೇ ಕಾರಣದಿಂದಲ್ಲ. ಮೊದಲನೆಯದು, ನಾಳದ ಸುತ್ತಲಿನ ಸ್ನಾಯು ಬಿಗಿಯುವುದು. ಇದು ನಿಮಿಷಗಳಲ್ಲಿ ಆಗಬಹುದು. ಸೇದುವ ಔಷಧಿಯಿಂದ ನಿಮಿಷಗಳಲ್ಲೇ ಸಡಿಲಲೂಬಹುದು. ಎರಡನೆಯದು ಉರಿಯೂತ. ನಾಳದ ಒಳಪದರ ಬಾತು, ಅಂಟಾದ ಕಫ ಒಸರಿ ದಾರಿಯನ್ನು ಕಟ್ಟುತ್ತದೆ. ಇದು ತಗ್ಗಲು ದಿನಗಳು, ವಾರಗಳು ಬೇಕು. ಮೂರನೆಯದು, ವರ್ಷಗಟ್ಟಲೆ ಉರಿಯೂತವಿದ್ದ ನಾಳದ ಗೋಡೆಯೇ ದಪ್ಪಗಾಗಿ ಗಡುಸಾಗುವುದು. ಇದು ಹಳೆಯ ಗಾಯದ ಕಲೆಯಂತೆ. ಪೂರ್ತಿ ಹಿಂದಕ್ಕೆ ಹೋಗುವುದಿಲ್ಲ.

ಊದುವ ಪರೀಕ್ಷೆಯ ಸಂಖ್ಯೆಯಲ್ಲಿ ಈ ಮೂರೂ ಸೇರಿಕೊಂಡಿರುತ್ತವೆ. ಯಾವುದರ ಪಾಲೆಷ್ಟು ಎಂದು ಸಂಖ್ಯೆಯೊಂದೇ ಹೇಳಲಾರದು. ಅದಲ್ಲದೆ ಪರೀಕ್ಷೆ ಮಾಡುವುದು ರೋಗಿ ಸ್ವಲ್ಪ ನೆಮ್ಮದಿಯಾಗಿರುವ ದಿನ. ನಡುರಾತ್ರಿ ಆಟೋ ಹಿಡಿದು ಆಸ್ಪತ್ರೆಗೆ ಓಡಿದ ದಿನದ ಚಿತ್ರ ಅದರಲ್ಲಿ ಇರುವುದಿಲ್ಲ.

ಯಾವುದು ತೀವ್ರ ಆಸ್ತಮಾ?

ಹೆಚ್ಚು ತೊಂದರೆ ಕೊಡುವ ಆಸ್ತಮಾವೆಲ್ಲ ತೀವ್ರ ಆಸ್ತಮಾ ಅಲ್ಲ. ಸೇದುವ ಸ್ಟೀರಾಯ್ಡನ್ನು ಹೆಚ್ಚಿನ ಪ್ರಮಾಣದಲ್ಲಿ, ದೀರ್ಘಕಾಲ ನಾಳ ಹಿಗ್ಗಿಸುವ ಔಷಧಿಯೊಡನೆ, ದಿನವೂ ತಪ್ಪದೆ, ಸರಿಯಾದ ವಿಧಾನದಲ್ಲಿ ಸೇದಿದರೂ ರೋಗ ಹತೋಟಿಗೆ ಬಾರದಿದ್ದರೆ, ಅಥವಾ ಆ ಪ್ರಮಾಣ ಇಳಿಸಿದೊಡನೆ ಮರುಕಳಿಸಿದರೆ ಮಾತ್ರ ಅದು ತೀವ್ರ ಆಸ್ತಮಾ. ಇಂಥವರು ಆಸ್ತಮಾ ರೋಗಿಗಳಲ್ಲಿ ನೂರಕ್ಕೆ ಹತ್ತು ಮಂದಿಗಿಂತಲೂ ಕಡಿಮೆ.

ಉಳಿದವರಲ್ಲಿ ರೋಗ ಹತೋಟಿ ತಪ್ಪಲು ಸಾಮಾನ್ಯ ಕಾರಣಗಳೇ ಇರುತ್ತವೆ. ಇನ್ಹೇಲರನ್ನು ಒತ್ತುವ ಮತ್ತು ಉಸಿರೆಳೆಯುವ ಹೊಂದಾಣಿಕೆ ತಪ್ಪಿ ಔಷಧಿಯೆಲ್ಲ ಗಂಟಲಿಗೇ ಅಂಟಿಕೊಳ್ಳುವುದು. "ಪಂಪು ಅಭ್ಯಾಸವಾಗಿಬಿಡುತ್ತೆ" ಎಂಬ ಅಂಜಿಕೆಯಿಂದ ಸ್ವಲ್ಪ ಹಾಯೆನಿಸಿದೊಡನೆ ನಿಲ್ಲಿಸುವುದು. ತಕ್ಷಣ ಆರಾಮ ಕೊಡುವ ಪಂಪನ್ನಷ್ಟೇ ಸೇದುತ್ತ, ಉರಿಯೂತ ತಗ್ಗಿಸುವ ಔಷಧಿಯನ್ನು ಬಿಡುವುದು. ಮನೆಯವರ ಬೀಡಿ-ಸಿಗರೇಟು, ಸೌದೆ ಒಲೆಯ ಹೊಗೆ, ಸೊಳ್ಳೆಬತ್ತಿ, ಊದುಬತ್ತಿ. ಹಾಸಿಗೆಯ ಧೂಳುನುಸಿ, ಅಡಿಗೆಮನೆಯ ಜಿರಲೆ, ಬೀದಿ ಬದಿಯ ಪಾರ್ಥೇನಿಯಂ. ಮೂಗಿನ ಅಲರ್ಜಿ, ಹುಳಿತೇಗು, ಅತಿ ತೂಕ. ನೋವಿಗೆಂದು ನುಂಗುವ ಆಸ್ಪಿರಿನ್ ಜಾತಿಯ ಮಾತ್ರೆ ಕೂಡ ಕೆಲವರಲ್ಲಿ ಉಬ್ಬಸ ತರುತ್ತದೆ. ಇವನ್ನೆಲ್ಲ ಸರಿಪಡಿಸದೆ ದುಬಾರಿ ಚುಚ್ಚುಮದ್ದಿಗೆ ಕೈಹಾಕುವುದು ತೂತು ಕೊಡಕ್ಕೆ ನೀರು ಹೊಯ್ದಂತೆ.

ಜೈವಿಕ ಔಷಧ ಎಂದರೇನು?

ಮಾತ್ರೆಗಳಲ್ಲಿರುವ ಬಹುಪಾಲು ಔಷಧಿಗಳು ರಾಸಾಯನಿಕ ಕ್ರಿಯೆಯಿಂದ ತಯಾರಾದವು. ಜೈವಿಕ ಔಷಧಗಳನ್ನು ಜೀವಕೋಶಗಳ ಮೂಲಕ ತಯಾರಿಸುತ್ತಾರೆ. ಆಸ್ತಮಾಕ್ಕೆ ಬಳಸುವಂಥವು ಪ್ರತಿಕಾಯಗಳು. ನಮ್ಮ ದೇಹ ರೋಗಾಣುಗಳ ವಿರುದ್ಧ ತಯಾರಿಸುವ ಪ್ರತಿಕಾಯಗಳ ಜಾತಿಯವೇ. ಆದರೆ ಇವು ಒಂದೇ ಒಂದು ಗುರಿಗೆ ಹೋಗಿ ಅಂಟಿಕೊಳ್ಳುವಂತೆ ರೂಪಿಸಿದವು. ಇಂತಹ ಪ್ರತಿಕಾಯಗಳನ್ನು ತಯಾರಿಸುವ ದಾರಿಯನ್ನು ಕೋಲರ್ ಮತ್ತು ಮಿಲ್‌ಸ್ಟೈನ್ ಎಂಬ ವಿಜ್ಞಾನಿಗಳು 1975ರಲ್ಲಿ ತೋರಿಸಿಕೊಟ್ಟರು. 1984ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಇವು ಪ್ರೋಟೀನುಗಳಾದ್ದರಿಂದ ನುಂಗಿದರೆ ಹೊಟ್ಟೆಯಲ್ಲೇ ಜೀರ್ಣವಾಗಿಬಿಡುತ್ತವೆ. ಆದ್ದರಿಂದಲೇ ಚುಚ್ಚುಮದ್ದು.

ಸ್ಟೀರಾಯ್ಡ್ ಮಾತ್ರೆ ಇಡೀ ದೇಹದ ಮೇಲೆ ಕೆಲಸ ಮಾಡುತ್ತದೆ. ಉಬ್ಬಸವನ್ನೂ ತಗ್ಗಿಸುತ್ತದೆ, ಜೊತೆಗೆ ಪದೇ ಪದೇ ನುಂಗಿದರೆ ಮೂಳೆ ಸವೆತ, ಮಧುಮೇಹ, ಕಣ್ಣಿನ ಪೊರೆ, ರಕ್ತದೊತ್ತಡವನ್ನೂ ತರುತ್ತದೆ. ಜೈವಿಕ ಔಷಧ ಉರಿಯೂತದ ಸರಪಣಿಯಲ್ಲಿ ಒಂದು ಕೊಂಡಿಯನ್ನಷ್ಟೇ ಕಳಚುತ್ತದೆ.

ಮೊದಲ ಕೊಂಡಿ ಐ.ಜಿ.ಇ. ಎಂಬ ಪ್ರತಿಕಾಯ. ಅಲರ್ಜಿಯ ಮೂಲಪುರುಷನೆನ್ನಬಹುದಾದ ಇದನ್ನು 1960ರ ದಶಕದ ಕೊನೆಗೆ ಅಮೆರಿಕದಲ್ಲಿ ಇಶಿಝಾಕಾ ದಂಪತಿಗಳೂ ಸ್ವೀಡನ್ನಿನಲ್ಲಿ ಯೋಹಾನ್ಸನ್ ಮತ್ತು ಬೆನಿಚ್ ಅವರೂ ಗುರುತಿಸಿದರು. ಇದನ್ನು ಹಿಡಿದಿಡುವ ಒಮಾಲಿಝುಮಾಬ್ ಔಷಧಕ್ಕೆ ಅಮೆರಿಕ 2003ರಲ್ಲಿ ಅನುಮತಿ ಕೊಟ್ಟಿತು. ಆಸ್ತಮಾಕ್ಕೆ ಅಲ್ಲಿ ಅನುಮತಿ ಪಡೆದ ಮೊದಲ ಜೈವಿಕ ಔಷಧ ಇದೇ. ರೋಗಿಯ ತೂಕ ಮತ್ತು ರಕ್ತದ ಐ.ಜಿ.ಇ. ಮಟ್ಟ ನೋಡಿ ಪ್ರಮಾಣ ನಿರ್ಧರಿಸಿ, ಎರಡು ಅಥವಾ ನಾಲ್ಕು ವಾರಕ್ಕೊಮ್ಮೆ ಕೊಡುತ್ತಾರೆ.

ಸೋತ ಔಷಧ ಗೆದ್ದ ಕತೆ

ಎರಡನೆಯ ಕೊಂಡಿ ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣ. 1879ರಲ್ಲಿ ಜರ್ಮನಿಯ ಪೌಲ್ ಎರ್ಲಿಕ್ ಇದಕ್ಕೆ ಹೆಸರಿಟ್ಟರು. ಅನೇಕ ಆಸ್ತಮಾ ರೋಗಿಗಳ ಕಫದಲ್ಲಿ ಈ ಕಣ ತುಂಬಿರುತ್ತದೆ. ಈ ಕಣಗಳು ಬೆಳೆಯಲು, ಬದುಕಲು ಇಂಟರ್‌ಲ್ಯೂಕಿನ್-5 ಎಂಬ ವಸ್ತು ಬೇಕು. ಅದನ್ನೇ ತಡೆದರೆ ಆಸ್ತಮಾ ಹೋದೀತೆಂದು ಮೆಪೊಲಿಝುಮಾಬ್ ಔಷಧವನ್ನು ರೂಪಿಸಿದರು.

ಮೊದಮೊದಲ ಫಲಿತಾಂಶ ನಿರಾಶೆ ತಂದಿತು. 2007ರಲ್ಲಿ ಪ್ರಕಟವಾದ, 362 ರೋಗಿಗಳ ಅಧ್ಯಯನದಲ್ಲಿ ರಕ್ತದ ಇಯೊಸಿನೊಫಿಲ್ ಇಳಿಯಿತು. ಆದರೆ ಊದುವ ಪರೀಕ್ಷೆಯ ಸಂಖ್ಯೆ ಏರಲಿಲ್ಲ, ರೋಗಲಕ್ಷಣವೂ ಕಡಿಮೆಯಾಗಲಿಲ್ಲ. ಔಷಧ ಸೋತಿತೆಂದೇ ಹಲವರು ತಿಳಿದರು.

ಇಂಗ್ಲೆಂಡಿನ ಲೆಸ್ಟರ್ ಮತ್ತು ಕೆನಡಾದ ಹ್ಯಾಮಿಲ್ಟನ್‌ನ ವೈದ್ಯರು ಬೇರೆ ರೀತಿ ಯೋಚಿಸಿದರು. ಎಲ್ಲ ಆಸ್ತಮಾ ರೋಗಿಗಳಿಗೂ ಕೊಡುವ ಬದಲು, ಸ್ಟೀರಾಯ್ಡ್ ತೆಗೆದುಕೊಂಡರೂ ಕಫದಲ್ಲಿ ಇಯೊಸಿನೊಫಿಲ್ ಉಳಿದಿರುವವರನ್ನೇ ಆರಿಸಿಕೊಂಡರು. ಲೆಸ್ಟರ್ ತಂಡ ಮುಖ್ಯವಾಗಿ ಲೆಕ್ಕ ಹಾಕಿದ್ದು ಊದುವ ಸಂಖ್ಯೆಯನ್ನಲ್ಲ, ರೋಗ ಎಷ್ಟು ಸಲ ಉಲ್ಬಣಿಸಿತು ಎಂಬುದನ್ನು. 2009ರಲ್ಲಿ ಎರಡೂ ಅಧ್ಯಯನಗಳು ಹೊರಬಂದವು. ಲೆಸ್ಟರ್‌ನ 61 ರೋಗಿಗಳಲ್ಲಿ, ಹುಸಿಮದ್ದು ಪಡೆದವರಿಗೆ ವರ್ಷಕ್ಕೆ ಸರಾಸರಿ 3.4 ಸಲ ರೋಗ ಉಲ್ಬಣಿಸಿದರೆ, ಔಷಧ ಪಡೆದವರಿಗೆ 2 ಸಲ. ಎಫ್.ಇ.ವಿ.-1 ಮಾತ್ರ ಹೆಚ್ಚು ಕಡಿಮೆ ಇದ್ದಲ್ಲೇ ಇತ್ತು! ಹ್ಯಾಮಿಲ್ಟನ್‌ನ ರೋಗಿಗಳಲ್ಲಿ ಸ್ಟೀರಾಯ್ಡ್ ಮಾತ್ರೆಯನ್ನು ತಗ್ಗಿಸಲು ಸಾಧ್ಯವಾಯಿತು.

ಔಷಧ ಅದೇ. ಬದಲಾದದ್ದು ಎರಡು: ಯಾರಿಗೆ ಕೊಟ್ಟರು, ಏನನ್ನು ಅಳೆದರು. ಮುಂದೆ 2014ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ರೋಗ ಉಲ್ಬಣಿಸುವುದು ಸುಮಾರು ಅರ್ಧದಷ್ಟು ಇಳಿಯಿತು. ಹುಸಿಮದ್ದಿಗೆ ಹೋಲಿಸಿದರೆ ಎಫ್.ಇ.ವಿ.-1 ಏರಿದ್ದು ಸರಾಸರಿ 100 ಮಿಲಿಲೀಟರಿನಷ್ಟು. 2015ರಲ್ಲಿ ಅಮೆರಿಕದಲ್ಲಿ ಅನುಮತಿಯೂ ಸಿಕ್ಕಿತು.

ನಮ್ಮ ಶಿಕ್ಷಕಿಯ ಪತಿ ಮೇಜಿನ ಮೇಲಿಟ್ಟ ನೂರು ಮಿಲಿ ಇದೇ. ಅದು ಔಷಧ ವಿಫಲವಾಯಿತೆಂಬ ಗುರುತಲ್ಲ. ಆ ಔಷಧದಿಂದ ನಿರೀಕ್ಷಿಸಬಹುದಾದ ಏರಿಕೆಯೇ ಅಷ್ಟು.

ಸಂಖ್ಯೆ ಏರದೆ ರೋಗ ತಗ್ಗುವುದು ಹೇಗೆ?

ಮನೆಯ ಜಂತೆಗೆ ಪದೇ ಪದೇ ಬೆಂಕಿ ಹತ್ತುತ್ತಿದೆ ಎಂದುಕೊಳ್ಳಿ. ಕಿಡಿ ಎಲ್ಲಿಂದ ಬರುತ್ತಿದೆಯೆಂದು ಹುಡುಕಿ ಆರಿಸಿದಿರಿ. ಇನ್ನು ಬೆಂಕಿ ಹತ್ತುವುದಿಲ್ಲ. ಆದರೆ ಈಗಾಗಲೇ ಸುಟ್ಟು ಕರಕಾದ ತೊಲೆ ಹೊಸದಾಗುವುದಿಲ್ಲ. ಇಯೊಸಿನೊಫಿಲ್ ತಗ್ಗಿಸುವ ಔಷಧ ಕಿಡಿಯನ್ನು ಆರಿಸುತ್ತದೆ. ಗಡುಸಾದ ನಾಳವನ್ನು ಅದು ಮೆತ್ತಗೆ ಮಾಡಲಾರದು.

ಎಲ್ಲ ಜೈವಿಕ ಔಷಧಗಳೂ ಒಂದೇ ಬಗೆಯಲ್ಲಿ ಕೆಲಸ ಮಾಡುವುದಿಲ್ಲ. 2017ರಲ್ಲಿ ಬಂದ ಬೆನ್ರಾಲಿಝುಮಾಬ್ ಇಯೊಸಿನೊಫಿಲ್ ಕಣಗಳನ್ನೇ ನಾಶಮಾಡಿಸುತ್ತದೆ. ಮೊದಲ ಮೂರು ಚುಚ್ಚುಮದ್ದುಗಳ ನಂತರ ಎಂಟು ವಾರಕ್ಕೊಮ್ಮೆ ಕೊಟ್ಟರೆ ಸಾಕು. 2018ರಲ್ಲಿ ಆಸ್ತಮಾಕ್ಕೆ ಅನುಮತಿ ಪಡೆದ ಡುಪಿಲುಮಾಬ್, ಇಂಟರ್‌ಲ್ಯೂಕಿನ್-4 ಮತ್ತು 13ರ ಕೆಲಸವನ್ನು ತಡೆಯುತ್ತದೆ. 13ನೆಯದು ಕಫ ಹೆಚ್ಚಿಸುವ, ನಾಳ ಬಿಗಿಯುವ ಕೆಲಸದಲ್ಲಿ ಪಾಲುಗೊಳ್ಳುವುದರಿಂದ ಇಲ್ಲಿ ಊದುವ ಸಂಖ್ಯೆಯೂ ಏರುವುದುಂಟು. 1902 ರೋಗಿಗಳ ಅಧ್ಯಯನದಲ್ಲಿ, 12 ವಾರಗಳ ಕೊನೆಗೆ ಹುಸಿಮದ್ದಿಗಿಂತ ಸರಾಸರಿ 140 ಮಿಲಿಲೀಟರ್ ಹೆಚ್ಚಿತ್ತು. ಇಯೊಸಿನೊಫಿಲ್ ಹೆಚ್ಚಿದ್ದವರಲ್ಲಿ ಏರಿಕೆ ಇನ್ನೂ ಹೆಚ್ಚು. 2021ರ ಟೆಝೆಪೆಲುಮಾಬ್ ಸರಪಣಿಯ ಇನ್ನೂ ಮೇಲಿನ ಕೊಂಡಿಯನ್ನು ಹಿಡಿಯುತ್ತದೆ. ಅದರ ಅಧ್ಯಯನದಲ್ಲಿ ರೋಗ ಉಲ್ಬಣಿಸುವುದು ಶೇಕಡಾ 56ರಷ್ಟು ಇಳಿಯಿತು.

ಇವೆಲ್ಲ ಸರಾಸರಿಗಳು. ಒಬ್ಬರಿಗೆ ಅರ್ಧ ಲೀಟರ್ ಏರಬಹುದು, ಇನ್ನೊಬ್ಬರಿಗೆ ಏನೂ ಏರದಿರಬಹುದು. ಒಂದು ಔಷಧದ ಅಧ್ಯಯನದಲ್ಲಿದ್ದ ರೋಗಿಗಳೇ ಬೇರೆ, ಇನ್ನೊಂದರಲ್ಲಿದ್ದವರೇ ಬೇರೆ. ಆದ್ದರಿಂದ ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟು ಯಾವುದು ಮೇಲು ಎಂದು ತೀರ್ಮಾನಿಸಬಾರದು.

ಹಾಗಾದರೆ ಉಲ್ಬಣ ತಪ್ಪಿದ್ದರ ಲಾಭವೇನು? ವಯಸ್ಸಾದಂತೆ ಎಲ್ಲರ ಶ್ವಾಸಕೋಶದ ಸಾಮರ್ಥ್ಯವೂ ವರ್ಷಕ್ಕೆ ಸ್ವಲ್ಪ ಸ್ವಲ್ಪವೇ ಇಳಿಯುತ್ತದೆ. ಪದೇ ಪದೇ ತೀವ್ರವಾಗಿ ಉಲ್ಬಣಿಸುವ ಆಸ್ತಮಾ ರೋಗಿಗಳಲ್ಲಿ ಈ ಇಳಿತ ವೇಗವಾಗಿರುತ್ತದೆ. ಒಂದೊಂದು ಉಲ್ಬಣವೂ ಪ್ರಾಣಕ್ಕೆ ಅಪಾಯ ತರಬಲ್ಲದು. ಒಂದೊಂದಕ್ಕೂ ಸ್ಟೀರಾಯ್ಡ್ ಮಾತ್ರೆಯ ಬೆಲೆ ತೆರಬೇಕು.

ಯಾರಿಗೆ ಕೊಡಬಹುದು?

ಚುಚ್ಚುಮದ್ದಿನ ಆಯ್ಕೆಗೆ ಮೊದಲು ರಕ್ತದ ಇಯೊಸಿನೊಫಿಲ್ ಎಣಿಕೆ, ಐ.ಜಿ.ಇ. ಮಟ್ಟ, ಅಲರ್ಜಿ ಪರೀಕ್ಷೆ, ಸಾಧ್ಯವಿದ್ದಲ್ಲಿ ಉಸಿರಿನ ನೈಟ್ರಿಕ್ ಆಕ್ಸೈಡ್ ಪರೀಕ್ಷೆ ಮಾಡಿಸಬೇಕು. ಇಯೊಸಿನೊಫಿಲ್ ಎಣಿಕೆ ಒಂದು ಮೈಕ್ರೋಲೀಟರ್ ರಕ್ತದಲ್ಲಿ 300ಕ್ಕಿಂತ ಹೆಚ್ಚಿದ್ದರೆ ಅದನ್ನು ತಗ್ಗಿಸುವ ಔಷಧದಿಂದ ಲಾಭದ ಸಂಭವ ಹೆಚ್ಚು. ಸ್ಟೀರಾಯ್ಡ್ ಮಾತ್ರೆ ನುಂಗುತ್ತಿರುವಾಗ ಈ ಎಣಿಕೆ ಇಳಿದು ಸಾಮಾನ್ಯವೆಂಬಂತೆ ಕಾಣಬಹುದು. ಆದ್ದರಿಂದ ಹಳೆಯ ರಕ್ತಪರೀಕ್ಷೆಯ ಚೀಟಿಗಳನ್ನು ಬಿಸಾಡಬೇಡಿ. ಎರಡು ವರ್ಷ ಹಿಂದಿನ ಚೀಟಿಯೂ ಕೆಲಸಕ್ಕೆ ಬರಬಹುದು.

ನಮ್ಮ ನಾಡಿನಲ್ಲಿ ಇನ್ನೊಂದು ಎಚ್ಚರ ಬೇಕು. ಕೊಕ್ಕೆಹುಳು, ದುಂಡುಹುಳುಗಳಂಥ ಜಂತುಬಾಧೆಯಿಂದಲೂ ಇಯೊಸಿನೊಫಿಲ್ ಮತ್ತು ಐ.ಜಿ.ಇ. ಏರುತ್ತವೆ. ಕರಾವಳಿಯಂತಹ ಆನೆಕಾಲು ರೋಗದ ಪ್ರದೇಶಗಳಲ್ಲಿ, ಫೈಲೇರಿಯಾ ಹುಳುವಿನಿಂದ ರಾತ್ರಿ ಕೆಮ್ಮು, ಉಬ್ಬಸ ಬಂದು, ಇಯೊಸಿನೊಫಿಲ್ ಸಾವಿರಾರು ಸಂಖ್ಯೆಗೆ ಏರುವುದುಂಟು. ಅದು ಆಸ್ತಮಾವಲ್ಲ, ಅದಕ್ಕೆ ಅಗ್ಗದ ಬೇರೆ ಮಾತ್ರೆಯಿದೆ. ಶ್ವಾಸನಾಳದಲ್ಲಿ ಬೂಷ್ಟು ನೆಲೆಸಿ ಆಗುವ ಅಲರ್ಜಿಯೂ ಹೀಗೆಯೇ ಮೋಸಗೊಳಿಸುತ್ತದೆ. ಇವಿಲ್ಲವೆಂದು ಖಚಿತಪಡಿಸಿಕೊಂಡು, ಜಂತು ಇದ್ದರೆ ಮೊದಲು ಅದಕ್ಕೆ ಚಿಕಿತ್ಸೆ ಮಾಡಿ, ಆಮೇಲೆ ಚುಚ್ಚುಮದ್ದಿನ ಮಾತು.

ಅಪಾಯ ಮತ್ತು ಖರ್ಚು

ಈ ಔಷಧಗಳು ಬಹುಪಾಲು ಸುರಕ್ಷಿತ. ಚುಚ್ಚಿದ ಜಾಗ ಕೆಂಪಾಗುವುದು, ತಲೆನೋವು ಸಾಮಾನ್ಯ. ಬಹಳ ಅಪರೂಪಕ್ಕೆ, ಮುಖ್ಯವಾಗಿ ಒಮಾಲಿಝುಮಾಬ್‌ನಿಂದ, ಪ್ರಾಣಾಪಾಯದ ಅಲರ್ಜಿ ಆಗಬಹುದು. ಆದ್ದರಿಂದ ಮೊದಮೊದಲು ಆಸ್ಪತ್ರೆಯಲ್ಲೇ ಹಾಕಿಸಿಕೊಂಡು, ವೈದ್ಯರು ಹೇಳಿದಷ್ಟು ಹೊತ್ತು ಅಲ್ಲೇ ಕುಳಿತಿರಬೇಕು. ಔಷಧವನ್ನು 2ರಿಂದ 8 ಡಿಗ್ರಿ ತಣ್ಣಗಿಡಬೇಕು, ಹೆಪ್ಪುಗಟ್ಟಲು ಬಿಡಬಾರದು. ದೂರದ ಊರಿಗೆ ಒಯ್ಯುವವರು ಇದನ್ನು ಮರೆಯಬಾರದು.

ಖರ್ಚು ಮಾತ್ರ ದೊಡ್ಡದು. ತಿಂಗಳಿಗೆ ಹತ್ತಾರು ಸಾವಿರ ರೂಪಾಯಿ. ಇದು ಒಂದೆರಡು ಚುಚ್ಚುಮದ್ದಿಗೆ ಮುಗಿಯುವುದೂ ಇಲ್ಲ. ರೋಗದ ಸ್ವಭಾವವನ್ನು ಔಷಧ ಬದಲಿಸುವುದಿಲ್ಲ, ಹಿಡಿದಿಡುತ್ತದೆ. ವರ್ಷಗಟ್ಟಲೆ ಪಡೆದು ನಿಲ್ಲಿಸಿದವರಲ್ಲೂ ರೋಗ ಮರುಕಳಿಸಿದ್ದನ್ನು ಅಧ್ಯಯನಗಳು ತೋರಿಸಿವೆ. ಆದ್ದರಿಂದ ಮೊದಲ ಚುಚ್ಚುಮದ್ದಿಗೆ ಮುನ್ನವೇ ಮನೆಯವರೆಲ್ಲ ಕುಳಿತು, ವಿಮೆ ಸಿಗುವುದೇ, ನೌಕರಿಯಿಂದ ಸಹಾಯವುಂಟೇ, ಎಷ್ಟು ತಿಂಗಳು ನಡೆಸಬಲ್ಲೆವು ಎಂದು ಮಾತಾಡಿಕೊಳ್ಳಿ. ಸುಮಾರು ನಾಲ್ಕು ತಿಂಗಳ ನಂತರ ವೈದ್ಯರೊಡನೆ ಲಾಭ-ನಷ್ಟ ತೂಗಿ ನೋಡಿ. ಏನೂ ಗುಣ ಕಾಣದಿದ್ದರೆ ಔಷಧ ಬದಲಿಸುವುದೋ ನಿಲ್ಲಿಸುವುದೋ ಸರಿಯಾದ ಕ್ರಮವೇ.

ತೂಗಿ ನೋಡುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆಗಳು

1. ಹಿಂದಿನ ವರ್ಷಕ್ಕೆ ಹೋಲಿಸಿದರೆ ರೋಗ ಎಷ್ಟು ಸಲ ಉಲ್ಬಣಿಸಿತು?
2. ಸ್ಟೀರಾಯ್ಡ್ ಮಾತ್ರೆ ಎಷ್ಟು ಕಡಿಮೆಯಾಯಿತು?
3. ವಾರದಲ್ಲಿ ಎಷ್ಟು ರಾತ್ರಿ ಉಬ್ಬಸದಿಂದ ಎಚ್ಚರವಾಗುತ್ತದೆ?
4. ತಕ್ಷಣ ಆರಾಮ ಕೊಡುವ ಪಂಪನ್ನು ಎಷ್ಟು ಸಲ ಸೇದಬೇಕಾಗಿದೆ?
5. ಮೆಟ್ಟಿಲು ಹತ್ತುವುದು, ಮನೆಗೆಲಸ, ನೌಕರಿ ಸುಲಭವಾಗಿದೆಯೇ?
6. ಊದುವ ಪರೀಕ್ಷೆಯ ಸಂಖ್ಯೆ ಏರಿದೆಯೇ, ಇದ್ದಲ್ಲೇ ಇದೆಯೇ, ಇಳಿದಿದೆಯೇ?

ಆರನೆಯ ಪ್ರಶ್ನೆಯೂ ಮುಖ್ಯವೇ. ಸಂಖ್ಯೆ ಇಳಿಯುತ್ತಿದ್ದರೆ ಎಲ್ಲೋ ತಪ್ಪಿದೆಯೆಂದು ಹುಡುಕಬೇಕು. ಆದರೆ ಅದೊಂದೇ ಪ್ರಶ್ನೆಯಲ್ಲ.

ನೆನಪಿಡಿ

ಚುಚ್ಚುಮದ್ದು ಆರಂಭವಾಯಿತೆಂದು ಇನ್ಹೇಲರ್ ಬಿಡಬೇಡಿ. ಸ್ಟೀರಾಯ್ಡ್ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಬೇಡಿ. ಬಹುಕಾಲ ನುಂಗಿದವರ ದೇಹ ತಾನೇ ತಯಾರಿಸುವ ಸ್ಟೀರಾಯ್ಡನ್ನು ಮರೆತಿರುತ್ತದೆ, ಥಟ್ಟನೆ ಬಿಟ್ಟರೆ ಪ್ರಾಣಕ್ಕೇ ಅಪಾಯ. ವೈದ್ಯರು ಹಂತಹಂತವಾಗಿ ಇಳಿಸುತ್ತಾರೆ. ಈ ಚುಚ್ಚುಮದ್ದು ಉಬ್ಬಸ ಏರಿದಾಗ ತಕ್ಷಣ ಇಳಿಸುವ ಮದ್ದಲ್ಲ. ಮಾತಾಡಲಾಗದಷ್ಟು ಏದುಸಿರು, ತುಟಿ ನೀಲಿಗಟ್ಟುವುದು, ಪಂಪು ಸೇದಿದರೂ ಕಡಿಮೆಯಾಗದಿರುವುದು ಕಂಡರೆ ಕೂಡಲೇ ಆಸ್ಪತ್ರೆಗೆ ಹೊರಡಿ. ಮೃಗಶಿರಾ ಕಾರ್ತೆಯಂದು ಹೈದರಾಬಾದಿಗೆ ಹೋಗಿ ಮೀನಿನ ಮದ್ದು ನುಂಗುವವರು ನಮ್ಮಲ್ಲೂ ಇದ್ದಾರೆ. ಆ ನಂಬಿಕೆ ಅವರದು. ಆದರೆ ಅದನ್ನು ನೆಚ್ಚಿ ದಿನನಿತ್ಯದ ಔಷಧಿ ಬಿಟ್ಟರೆ ಕೆಟ್ಟೀತು.

ಶಿಕ್ಷಕಿಯ ವಿಷಯಕ್ಕೆ ಬರೋಣ. ಆರು ಪ್ರಶ್ನೆಗಳನ್ನೂ ಒಂದು ಹಾಳೆಯಲ್ಲಿ ಬರೆದು ಪತಿಯ ಕೈಗೇ ಕೊಟ್ಟೆ. ಅವರು ಪತ್ನಿಯನ್ನು ಕೇಳುತ್ತ ಒಂದೊಂದಾಗಿ ಉತ್ತರ ತುಂಬಿದರು. ಉಲ್ಬಣ: ನಾಲ್ಕರಿಂದ ಸೊನ್ನೆ. ಮಾತ್ರೆ: ಆರು ತಿಂಗಳಿಂದ ಇಲ್ಲ. ರಾತ್ರಿ ಎಚ್ಚರ: ತಿಂಗಳಿಗೆ ಒಮ್ಮೆಯೋ ಎರಡು ಸಲವೋ. ಆರನೆಯದಕ್ಕೆ ಬರುವ ಹೊತ್ತಿಗೆ ಅವರ ಪೆನ್ನು ನಿಂತಿತು. "ಇನ್ನಾರು ತಿಂಗಳು ನೋಡೋಣ ಡಾಕ್ಟ್ರೇ" ಎಂದರು. ಸಾಲದ ಕಂತು ಅವರ ತಲೆಯಿಂದ ಹೋಗಿರಲಿಲ್ಲ, ಹೋಗುವಂಥದ್ದೂ ಅಲ್ಲ. ಆದರೆ ಯಾವುದಕ್ಕಾಗಿ ಕಂತು ಕಟ್ಟುತ್ತಿದ್ದೇನೆಂಬುದು ಈಗ ಅವರಿಗೆ ತಿಳಿದಿತ್ತು.